ರುಕ್ಮಣಿ ದೇವಿಯ ಸಿಂಹಳ

ಸಿಂಹಳ ಚಿತ್ರರಂಗದ ಮೊದಲ ನಾಯಕಿ ಯಾರು ಎಂದು ಶ್ರೀಲಂಕಾದಲ್ಲಿ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: ರುಕ್ಮಣಿ ದೇವಿ. ಆದರೆ ಅದು ಆಕೆಯ ಹುಟ್ಟು ಹೆಸರಲ್ಲ. 1923ರ ಜನವರಿ 15ರಂದು ನುವರ ಎಲಿಯ ಸಮೀಪದ ರಂಬೊಡದಲ್ಲಿ ಹುಟ್ಟಿದ ಆ ಮಗುವಿಗೆ ಮನೆಯವರು ಇಟ್ಟ ಹೆಸರು ಡೈಸಿ ರಾಸಮ್ಮ ಡೇನಿಯಲ್ಸ್. ಕುಟುಂಬ ಕ್ರೈಸ್ತರದು, ಕೊಲಂಬೊ ಚೆಟ್ಟಿ ಸಮುದಾಯದ್ದು. ದಕ್ಷಿಣ ಭಾರತದಿಂದ ವ್ಯಾಪಾರಕ್ಕೆಂದು ದ್ವೀಪಕ್ಕೆ ಹೋಗಿ ಅಲ್ಲೇ ನೆಲೆ ನಿಂತವರ ಸಂತತಿ ಅದು. ಬೇರು ತಮಿಳು, ಪ್ರಾರ್ಥನೆ ಚರ್ಚಿನಲ್ಲಿ, ಆದರೆ ಆಕೆ ಆಳಿದ್ದು ಸಿಂಹಳ ಬೌದ್ಧರೇ ಬಹುಸಂಖ್ಯಾತರಾಗಿರುವ ಒಂದು ಜನಸಮೂಹದ ಹೃದಯವನ್ನು. ಒಂದು ಭಾಷೆ ಯಾರದು ಎಂಬ ಪ್ರಶ್ನೆ ಎದ್ದಾಗಲೆಲ್ಲ ನಮಗೆ ಈ ಹೆಣ್ಣುಮಗಳು ನೆನಪಾಗುತ್ತಾಳೆ.

ಆಕೆಯ ಹೆಸರನ್ನು ನಾವು ಮೊದಲು ಕೇಳಿದ್ದು ಪುಸ್ತಕದಿಂದಲ್ಲ. ನಮ್ಮೂರಿನಲ್ಲಿ ಹಿರಿಯರೊಬ್ಬರಿದ್ದರು. ಹರೆಯದಲ್ಲಿ ಕೊಲಂಬೊದ ಪೆಟ್ಟಾ ಮಾರುಕಟ್ಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದು, ಆಮೇಲೆ ಊರಿಗೆ ಮರಳಿದವರು. ಊರಿಗೆ ಊರೇ ಅವರನ್ನು 'ಸಿಲೋನ್ ಕಾಕ' ಎಂದು ಕರೆಯುತ್ತಿತ್ತು. ಆಗ ಮನೆಮನೆಗಳಲ್ಲೂ ಸಿಲೋನ್ ರೇಡಿಯೋ ಹಾಡುತ್ತಿತ್ತು. 1952ರಲ್ಲಿ ನಮ್ಮ ಆಕಾಶವಾಣಿ ಸಿನಿಮಾ ಹಾಡುಗಳಿಗೆ ಬಾಗಿಲು ಮುಚ್ಚಿದಾಗ ಇಡೀ ಭಾರತ ಕಿವಿಯನ್ನು ಕೊಲಂಬೊದ ಕಡೆಗೆ ತಿರುಗಿಸಿತು. ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಬುಧವಾರದ ರಾತ್ರಿಗಳನ್ನು ಆಳಿತು. ನಾವೆಲ್ಲ ಆ ನಿಲಯದಿಂದ ಹಿಂದಿ ಹಾಡನ್ನು ಹುಡುಕುತ್ತಿದ್ದರೆ ಸಿಲೋನ್ ಕಾಕ ಮುಳ್ಳನ್ನು ಅತ್ತಿತ್ತ ತಿರುಗಿಸಿ ಸಿಂಹಳದ ದನಿಗಾಗಿ ಹುಡುಕುತ್ತಿದ್ದರು. "ಆ ಹೆಂಗಸು ಹಾಡಿದರೆ ಪೆಟ್ಟಾದ ಅಂಗಡಿಗಳಲ್ಲಿ ತಕ್ಕಡಿ ನಿಂತುಬಿಡುತ್ತಿತ್ತು ಮಗಾ" ಎಂದು ಅವರು ಹೇಳಿದ್ದು ನೆನಪಿದೆ. ಆ ಹೆಂಗಸು ರುಕ್ಮಣಿ ದೇವಿ.

ಬಾಲ್ಯದಲ್ಲೇ ರಂಗಕ್ಕೆ ಬಂದವರು ಅವರು. ಅಂದಿನ ಸಿಂಹಳ ರಂಗಭೂಮಿಯ ಮೈಯಲ್ಲಿ ಹರಿಯುತ್ತಿದ್ದುದು ನಮಗೆ ಅಪರಿಚಿತವಾದ ರಕ್ತವೇನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯಿಂದ ಕೊಲಂಬೊಗೆ ಹೋದ ಪಾರ್ಸಿ ನಾಟಕ ಕಂಪೆನಿಗಳು ಅಲ್ಲಿ ರಾಗದ ಹುಚ್ಚು ಹಿಡಿಸಿ ಬಂದಿದ್ದವು. ನಮ್ಮ ಕಂಪೆನಿ ನಾಟಕಗಳನ್ನು ರೂಪಿಸಿದ ಅದೇ ಪರದೆ, ಅದೇ ಹಾರ್ಮೋನಿಯಂ, ಅದೇ ಮಟ್ಟುಗಳು ಸಿಂಹಳದ 'ನೂರ್ತಿ' ನಾಟಕಗಳನ್ನೂ ಬೆಳೆಸಿದವು. ಈ ರಂಗದಲ್ಲಿ ಪಳಗಿದ ಹುಡುಗಿ 1930ರ ದಶಕದ ಕೊನೆಯಲ್ಲಿ ಎಚ್.ಡಬ್ಲ್ಯೂ. ರೂಪಸಿಂಘೆಯವರ ಜೊತೆ ಗ್ರಾಮಫೋನ್ ತಟ್ಟೆಗೆ ಹಾಡಿದಳು. ಹಾಡಿನ ವಸ್ತು ಬುದ್ಧಗಯೆಯ ವಿಹಾರದ ಸ್ತುತಿ. ತಮಿಳು ಬೇರಿನ ಕ್ರೈಸ್ತ ಹುಡುಗಿಯ ಕಂಠ ಮನೆಮನೆ ತಲುಪಿದ್ದು ಬೌದ್ಧ ಭಕ್ತಿಗೀತೆಯ ಮೂಲಕ ಎಂಬುದನ್ನು ಗಮನಿಸಬೇಕು.

ಮುಂದೆ ಆಕೆ ಬಿ.ಎ.ಡಬ್ಲ್ಯೂ. ಜಯಮಾನ್ನೆಯವರ ಮಿನರ್ವಾ ನಾಟಕ ತಂಡ ಸೇರಿದರು. ಜಯಮಾನ್ನೆಯವರ ತಮ್ಮ, ಜನಪ್ರಿಯ ಹಾಸ್ಯನಟ ಎಡ್ಡಿ ಜಯಮಾನ್ನೆಯವರನ್ನು ಮದುವೆಯಾದರು. ಈ ತಂಡದ 'ಕಡವುನು ಪೊರೊಂದುವ' ನಾಟಕ, ಅಂದರೆ 'ಮುರಿದ ಮಾತು', ಸಿಂಹಳದ ಮೊದಲ ವಾಕ್ಚಿತ್ರವಾಯಿತು. ಹಣ ಹಾಕಿದವರು ತಮಿಳರಾದ ಎಸ್.ಎಂ. ನಾಯಗಂ. ನಿರ್ದೇಶಿಸಿದವರು ಬಂಗಾಳದ ಜ್ಯೋತಿಷ್ ಸಿಂಗ್. ಚಿತ್ರೀಕರಣ ನಡೆದದ್ದು ಮದುರೆಯಲ್ಲಿ, ನಾಯಗಂ ಅವರ ಚಿತ್ರಕಲಾ ಮೂವಿಟೋನ್ ಸ್ಟುಡಿಯೋದಲ್ಲಿ. 1947ರ ಜನವರಿ 21ರಂದು ಕೊಲಂಬೊದಲ್ಲಿ ಅದು ತೆರೆಕಂಡಿತು. ಅದೇ ವರ್ಷ ಬಂದ ಎರಡನೆಯ ಚಿತ್ರ 'ಅಶೋಕಮಾಲಾ'ದ ಸಂಗೀತ ನಿರ್ದೇಶಕ ಮುಹಮ್ಮದ್ ಗೌಸ್.

ಇದನ್ನು ಓದಿ ಕನ್ನಡಿಗರು ಅಚ್ಚರಿಪಡಬೇಕಾದ್ದಿಲ್ಲ. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ನಿರ್ದೇಶಕ ವೈ.ವಿ. ರಾವ್ ತೆಲುಗಿನವರು, ಹಣ ಹಾಕಿದವರು ಬೆಂಗಳೂರಿನ ಮಾರ್ವಾಡಿ ವ್ಯಾಪಾರಿ. ಯಾವ ಭಾಷೆಯ ಸಿನಿಮಾವೂ ಒಂದೇ ಮನೆಯ ಒಲೆಯ ಮೇಲೆ ಬೆಂದದ್ದಲ್ಲ. ನೆರೆಯವರ ಸೌದೆಯೂ ಅದರಡಿ ಉರಿದಿರುತ್ತದೆ.

ರುಕ್ಮಣಿ ದೇವಿಯವರ ಜೊತೆ ಎಷ್ಟೋ ಯುಗಳಗೀತೆಗಳನ್ನು ಹಾಡಿದವರು ಮೊಹಿದೀನ್ ಬೇಗ್. ತಮಿಳುನಾಡಿನ ಸೇಲಂನಲ್ಲಿ ಹುಟ್ಟಿ, ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ ಸಿಲೋನಿಗೆ ಹೋದವರು. 1991ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಧರ್ಮವನ್ನು ಬಿಡಲಿಲ್ಲ, ತಮ್ಮ ಹೆಸರನ್ನೂ ಬದಲಿಸಲಿಲ್ಲ. ಆದರೂ ವೈಶಾಖ ಹುಣ್ಣಿಮೆ ಬಂತೆಂದರೆ ಲಂಕೆಯ ಬೀದಿಗಳಲ್ಲಿ ಬುದ್ಧನನ್ನು ಕುರಿತ ಅವರ ಹಾಡುಗಳು ಇಂದಿಗೂ ಕೇಳಿಬರುತ್ತವೆ. "ಹೆಸರು ಮೊಹಿದೀನ್, ಹಾಡುವುದು ಬುದ್ಧನನ್ನು. ಅದರಲ್ಲಿ ಏನೋ ವಿಚಿತ್ರವಿದೆ ಅಂತ ಆಗ ಯಾರಿಗೂ ಅನಿಸಲಿಲ್ಲ" ಎನ್ನುತ್ತಿದ್ದರು ಸಿಲೋನ್ ಕಾಕ.

ಹಿರಿಯರ ನೆನಪಿನಲ್ಲಿ ಗತಕಾಲ ಯಾವಾಗಲೂ ಸ್ವಲ್ಪ ಹೆಚ್ಚು ಬೆಳ್ಳಗಿರುತ್ತದೆ. ಈ ಸೌಹಾರ್ದಕ್ಕೂ ಒಂದು ಬೆಲೆಯಿತ್ತು. ಡೈಸಿ ರಾಸಮ್ಮ ಡೇನಿಯಲ್ಸ್ ಎಂಬ ಹೆಸರಿನಲ್ಲಿ ಕ್ರೈಸ್ತ ಗುರುತೂ ಇತ್ತು, ತಮಿಳು ಗುರುತೂ ಇತ್ತು. 'ರುಕ್ಮಣಿ ದೇವಿ'ಯಲ್ಲಿ ಎರಡೂ ಇಲ್ಲ. ನಮ್ಮಲ್ಲಿ ಯೂಸುಫ್ ಖಾನರು ದಿಲೀಪ್ ಕುಮಾರ್ ಆದಂತೆ, ಮುಮ್ತಾಜ್ ಜಹಾನ್ ಮಧುಬಾಲಾ ಆದಂತೆ ಅದೂ ಕಾಲದ ಪದ್ಧತಿಯೇ ಇರಬಹುದು. ಆದರೆ ಪ್ರೇಕ್ಷಕರ ಮನೆಯೊಳಗೆ ಹೋಗಲು ಕೆಲವರು ಮಾತ್ರ ಹೆಸರನ್ನು ಹೊಸ್ತಿಲಲ್ಲಿ ಕಳಚಿಡಬೇಕಾದರೆ ಆ ಪದ್ಧತಿಯ ಬಗ್ಗೆ ಒಂದು ಕ್ಷಣ ಯೋಚಿಸಬೇಕಾಗುತ್ತದೆ.

1956 ಲಂಕೆಯ ಬದುಕಿನಲ್ಲಿ ಎರಡು ಕಾರಣಗಳಿಗಾಗಿ ಮರೆಯಲಾಗದ ವರ್ಷ. ಆ ವರ್ಷದ ಜೂನ್‌ನಲ್ಲಿ ಸಿಂಹಳವೊಂದೇ ಅಧಿಕೃತ ಭಾಷೆ ಎಂಬ ಕಾನೂನು ಬಂತು. ತಮಿಳು ಮಾತಾಡುವವರು ತಮ್ಮದೇ ನಾಡಿನ ಕಚೇರಿಗಳಲ್ಲಿ ಮೂಕರಾದರು. ಡಿಸೆಂಬರ್‌ನಲ್ಲಿ ಲೆಸ್ಟರ್ ಜೇಮ್ಸ್ ಪೀರಿಸ್ ಅವರ 'ರೇಖಾವ' ತೆರೆಕಂಡಿತು. ಕ್ಯಾಮೆರಾ ಸ್ಟುಡಿಯೋ ಬಿಟ್ಟು ಹಳ್ಳಿಯ ಬಿಸಿಲಿಗೆ ಬಂತು. ಅದು ನಿಜವಾಗಿಯೂ ದೊಡ್ಡ ಕಲೆ. ಮರುವರ್ಷ ಕಾನ್ ಚಿತ್ರೋತ್ಸವದ ಸ್ಪರ್ಧೆಗೂ ಹೋಯಿತು. ಮದ್ರಾಸು, ಮದುರೆಗಳ ಅಚ್ಚಿನಲ್ಲಿ ಎರಕ ಹೊಯ್ದ ಹಾಡು-ಕುಣಿತದ ಚಿತ್ರಗಳು ಸಾಕು ಎಂಬ ಮಾತು ವಿಮರ್ಶಕರಿಂದ ಬಂತು. ಕಲೆಯ ದೃಷ್ಟಿಯಿಂದ ಆ ಮಾತಿನಲ್ಲಿ ಸತ್ಯವಿತ್ತು. ಪೀರಿಸ್ ಅವರಿಗೂ ಆ ಕಾನೂನಿಗೂ ಯಾವ ಸಂಬಂಧವೂ ಇರಲಿಲ್ಲ. ಅವರೂ ಕ್ರೈಸ್ತ ಮನೆತನದವರೇ. ಆದರೆ 'ಇದು ನಮ್ಮದಲ್ಲ, ಹೊರಗಿನದು' ಎಂಬ ಮಾತು ಚಿತ್ರಮಂದಿರದಲ್ಲಿ ಒಂದು ಅರ್ಥ ಕೊಟ್ಟರೆ ಬೀದಿಯಲ್ಲಿ ಬೇರೊಂದು ಅರ್ಥ ಕೊಡುತ್ತದೆ.

ಹೊಸ ಚಿತ್ರಗಳ ಕಾಲದಲ್ಲಿ ರುಕ್ಮಣಿ ದೇವಿಗೆ ನಾಯಕಿಯ ಪಾತ್ರಗಳು ಕಡಿಮೆಯಾದವು. ವಯಸ್ಸೂ ಆಗಿತ್ತು. ಆದರೆ ದನಿ ಉಳಿದಿತ್ತು. ಕಾರ್ನಿವಲ್‌ಗಳಲ್ಲಿ, ಸಂಗೀತ ಸಂಜೆಗಳಲ್ಲಿ ಹಾಡಿಕೊಂಡು ಊರಿಂದೂರಿಗೆ ತಿರುಗಿದರು. ಹಳೆಯ ಹಾಡನ್ನು ಕೇಳಲು ಜನ ಕಿಕ್ಕಿರಿದು ಸೇರುತ್ತಿದ್ದರು. ಒಂದು ಕಾಲದ ಮಹಾತಾರೆ ರಾತ್ರಿಯಿಡೀ ಹಾಡಿ ಬೆಳಗಿನ ಜಾವ ಮನೆ ಸೇರಬೇಕಾದ ಬದುಕು ಅದು. 1978ರ ಅಕ್ಟೋಬರ್ 28ರಂದು ಮಾತರದ ಕಾರ್ಯಕ್ರಮ ಮುಗಿಸಿ ನೆಗೊಂಬೊದ ಮನೆಗೆ ಹಿಂತಿರುಗುವಾಗ ಜಾ-ಎಲದ ಬಳಿ ಆದ ವಾಹನ ಅಪಘಾತದಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು 55. ಹಾಡಿ ಬಂದ ದಾರಿಯಲ್ಲೇ ಹೋದರು.

ಐದು ವರ್ಷ ತುಂಬುವ ಮೊದಲೇ, 1983ರ ಜುಲೈ ಬಂತು. ಕೊಲಂಬೊದಲ್ಲಿ ತಮಿಳರ ಮನೆ, ಅಂಗಡಿಗಳು ಉರಿದವು. ತಮಿಳು ಮೂಲದ ಸಿಂಹಳ ಚಿತ್ರ ನಿರ್ದೇಶಕ ಕೆ. ವೆಂಕಟ್ ಅವರನ್ನು ಕೊಲ್ಲಲಾಯಿತು. ಹೆಂದಳದಲ್ಲಿದ್ದ, ತಮಿಳು ಉದ್ಯಮಿ ಕೆ. ಗುಣರತ್ನಂ ಅವರ ವಿಜಯ ಸ್ಟುಡಿಯೋಗೆ ಬೆಂಕಿ ಹಚ್ಚಲಾಯಿತು. ಆ ಬೆಂಕಿಯಲ್ಲಿ ಸುಟ್ಟುಹೋದದ್ದು ಸಿಂಹಳ ಚಿತ್ರಗಳ ಮೂಲ ಪ್ರತಿಗಳು. ತಮಿಳನ ಆಸ್ತಿಯೆಂದು ಹಚ್ಚಿದ ಬೆಂಕಿ ಸಿಂಹಳದ ನೆನಪನ್ನೇ ತಿಂದಿತು. ಅಂದು ರುಕ್ಮಣಿ ದೇವಿ ಬದುಕಿದ್ದರೆ? ಬಾಗಿಲು ಬಡಿದವರು ಆಕೆಯ ಹಾಡನ್ನು ನೆನೆಯುತ್ತಿದ್ದರೋ, ಹುಟ್ಟು ಹೆಸರನ್ನು ಕೇಳುತ್ತಿದ್ದರೋ?

ಗಾಯ ಒಂದೇ ಕಡೆಯದಲ್ಲ. 1990ರ ಅಕ್ಟೋಬರ್‌ನಲ್ಲಿ ತಮಿಳು ಹುಲಿಗಳು ಉತ್ತರ ಲಂಕೆಯ ಮುಸ್ಲಿಮರನ್ನು ಊರು ಬಿಡಿಸಿ ಓಡಿಸಿದರು. ಆ ಮುಸ್ಲಿಮರ ಮನೆಮಾತು ತಮಿಳೇ ಆಗಿತ್ತು. ಭಾಷೆ ಒಂದೇ ಆದರೂ ಸಾಲಲಿಲ್ಲ. 2014ರಲ್ಲಿ ಅಳುತ್ಗಮದಲ್ಲಿ, 2018ರಲ್ಲಿ ದಿಗಣದಲ್ಲಿ ಸಿಂಹಳ ಗುಂಪುಗಳು ಮುಸ್ಲಿಮರ ಮೇಲೆ ಎರಗಿದವು. ಬೇಗ್ ಸಾಹೇಬರ ಹಾಡನ್ನು ಪ್ರೀತಿಸುವ ನಾಡಿನಲ್ಲೇ ಅದು ನಡೆಯಿತು. ಹಾಡುಗಾರನನ್ನು ಒಪ್ಪಿಕೊಂಡ ಮಾತ್ರಕ್ಕೆ ಅವನ ನೆರೆಯವನನ್ನು ಒಪ್ಪಿಕೊಂಡಂತೆ ಆಗುವುದಿಲ್ಲ ಎಂಬ ಕಹಿ ಪಾಠ ಇದರಲ್ಲಿದೆ.

ನಾವು ಈ ಕಥೆಯನ್ನು ದೂರದ ದ್ವೀಪದ್ದೆಂದು ಬದಿಗಿಡಲಾರೆವು. ಹಿಂದೊಮ್ಮೆ ಒಂದು ಸಭೆಯಲ್ಲಿ ನಾವು ಮಾತಾಡಿ ಕೆಳಗಿಳಿದಾಗ ಸಜ್ಜನರೊಬ್ಬರು ಕೈಹಿಡಿದು ಕುಲುಕಿ, "ಸಾಬರಾಗಿಯೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ!" ಎಂದರು. ಅವರ ಕಣ್ಣಲ್ಲಿದ್ದದ್ದು ನಿಜವಾದ ಪ್ರೀತಿ. ಅದಕ್ಕೇ ಆ ಮಾತು ಹೆಚ್ಚು ನೋಯಿಸಿತು. ಅಜ್ಜನ ಕಾಲದಿಂದ ಇದೇ ಭಾಷೆಯಲ್ಲಿ ಸಂತೆ ಮಾಡಿ, ಸಾಲ ಕೇಳಿ, ಜಗಳವಾಡಿ, ಮಕ್ಕಳಿಗೆ ಅಕ್ಷರ ಕಲಿಸಿದವರಿಗೆ ಸಿಕ್ಕಿದ್ದು ಅತಿಥಿಗೆ ಕೊಡುವ ಮೆಚ್ಚುಗೆ. ಮನೆಯ ಮಗನಿಗೆ ಯಾರೂ 'ನಮ್ಮ ಮನೆಯಲ್ಲಿ ಚೆನ್ನಾಗಿ ಉಣ್ಣುತ್ತೀಯಲ್ಲ' ಎನ್ನುವುದಿಲ್ಲ. ಕೆ.ಎಸ್. ನಿಸಾರ್ ಅಹಮದ್, ಸಾರಾ ಅಬೂಬಕ್ಕರ್ ಅವರನ್ನು ಓದಿ ಬೆಳೆದ ನಾಡಿನಲ್ಲೂ ಈ ಅಚ್ಚರಿ ಉಳಿದಿದೆಯಲ್ಲ ಎಂಬುದೇ ನಮ್ಮ ಅಚ್ಚರಿ.

ರುಕ್ಮಣಿ ದೇವಿ ಭಾಷಣ ಮಾಡಿದವರಲ್ಲ, ಚಳವಳಿ ಕಟ್ಟಿದವರಲ್ಲ. ಅವರು ಮಾಡಿದ್ದು ಒಂದೇ ಕೆಲಸ: ಹುಟ್ಟಿನಿಂದ ಬಾರದ ಭಾಷೆಯ ಒಂದೊಂದು ಅಕ್ಷರವನ್ನೂ ಜತನದಿಂದ ನುಡಿದದ್ದು. ಆಕೆಯ ಉಚ್ಚಾರವನ್ನು ಸಿಂಹಳರು ಇಂದಿಗೂ ಕೊಂಡಾಡುತ್ತಾರೆ. ಹುಟ್ಟಿನಿಂದ ಸಿಕ್ಕಿದ ಭಾಷೆಯನ್ನು ನಾವು ಅಲಕ್ಷ್ಯ ಮಾಡುವುದುಂಟು. ದುಡಿದು ಗಳಿಸಿಕೊಂಡವರು ಹಾಗೆ ಮಾಡುವುದು ಕಡಿಮೆ. ಭಾಷೆ ಪಿತ್ರಾರ್ಜಿತ ಜಮೀನಲ್ಲ, ಅದಕ್ಕೆ ಪಹಣಿ ಪತ್ರವಿಲ್ಲ. ಉತ್ತವರದೇ ಅಲ್ಲಿಯ ಬೆಳೆ.

ಲಂಕೆಯಲ್ಲಿ 1987ರ ಸಂವಿಧಾನ ತಿದ್ದುಪಡಿಯ ಬಳಿಕ ತಮಿಳಿಗೂ ಅಧಿಕೃತ ಸ್ಥಾನ ದೊರೆಯಿತು. ಆ ಹೊತ್ತಿಗೆ ತುಂಬ ರಕ್ತ ಹರಿದಿತ್ತು, ಮುಂದೆ ಹರಿಯುವುದೂ ಬಾಕಿ ಇತ್ತು. ಕಾನೂನಿಗೆ ಮೂವತ್ತು ವರ್ಷ ಬೇಕಾದ ಮಾತನ್ನು ಒಂದು ಗ್ರಾಮಫೋನ್ ತಟ್ಟೆ ಮೂರು ನಿಮಿಷದಲ್ಲಿ ಹೇಳಿತ್ತು. ಕೇಳಿದವರು ಹಾಡನ್ನು ಮಾತ್ರ ಕೇಳಿದರು, ಮಾತನ್ನು ಕೇಳಲಿಲ್ಲ.