ಸ್ವಿಚ್ ಆರಿಸಿದ ಮೇಲೆ

ಪಿಯು ಕಾಲೇಜಿನಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ನನಗೆ ಬಾಯಿಪಾಠ. ಆ ಪಾಠವೇ ನನ್ನ ತಂಗಿಗೆ ಮುಳುವಾಯಿತು.

ಅವಳಿಗೆ ಖಿನ್ನತೆ. ಮಾತ್ರೆ ಬದಲಿಸಿ ಕೊಟ್ಟರೂ ಬೆಳಗ್ಗೆ ಹಾಸಿಗೆ ಬಿಟ್ಟೇಳುವುದು ದುಸ್ತರವಾಗಿತ್ತು. ಮನೋವೈದ್ಯರು ಟಿಎಂಎಸ್ ಮಾಡಿಸೋಣ ಎಂದರು. ತಲೆಯ ಎಡಭಾಗದಲ್ಲಿ, ಹಣೆಯಿಂದ ತುಸು ಮೇಲೆ, ಎಂಟರ ಆಕಾರದ ತಂತಿಸುರುಳಿ ಇಡುತ್ತಾರೆ. ಅದರಲ್ಲಿ ಕ್ಷಣಮಾತ್ರ ಹರಿಯುವ ಭಾರಿ ವಿದ್ಯುತ್ತಿನಿಂದ ಹುಟ್ಟಿದ ಕಾಂತಕ್ಷೇತ್ರ ತಲೆಬುರುಡೆ ದಾಟಿ ಮಿದುಳಿನ ನರಕೋಶಗಳನ್ನು ಮಿಡಿಯುವಂತೆ ಮಾಡುತ್ತದೆ. ಕೊಯ್ಯುವುದಿಲ್ಲ, ಮಂಪರು ಕೊಡುವುದಿಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಜೊತೆಗಾರರು 1985ರಲ್ಲಿ ಮೊದಲು ಮಾಡಿ ತೋರಿಸಿದ ವಿದ್ಯೆ ಇದು. ಖಿನ್ನತೆಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಕೊಡುತ್ತಾರೆ.

ಅರ್ಧ ದಾರಿ ಸಾಗುವ ಹೊತ್ತಿಗೂ ಅವಳ ಮುಖದಲ್ಲಿ ನನಗೇನೂ ಕಾಣಲಿಲ್ಲ. ಡಾಕ್ಟರ ಕೋಣೆಗೆ ಹೋಗಿ, ಕಲಿಯಲು ಬಂದಿದ್ದ ಹುಡುಗ ಹುಡುಗಿಯರ ಎದುರಿಗೇ ಪಾಠ ಶುರುಮಾಡಿದೆ. "ಈ ಕಾಂತಕ್ಷೇತ್ರ ಇರೋದು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಸ್ವಿಚ್ ಆರಿಸಿದ ಮೇಲೆ ಒಳಗೆ ಏನು ಉಳಿದಿರುತ್ತೆ ಹೇಳಿ?" ಡಾಕ್ಟರು ತಾಳ್ಮೆಯಿಂದಲೇ, "ಉಳಿಯೋದು ಕಾಂತಕ್ಷೇತ್ರ ಅಲ್ಲ ಸಾರ್. ದಯವಿಟ್ಟು ನಡುವೆ ನಿಲ್ಲಿಸಬೇಡಿ," ಎಂದರು. ನಾನು ಕೇಳಿಸಿಕೊಳ್ಳಲಿಲ್ಲ. ಹೊರಗೆ ಬಂದಾಗ ತಂಗಿ, "ಅಣ್ಣ, ಪೂರ್ತಿ ಮಾಡಿಸ್ತೀನಿ," ಅಂದಳು. ಬೇಡ ಅಂದೆ. ಅವಳು ಮತ್ತೆ ಮಾತಾಡಲಿಲ್ಲ. ಖಿನ್ನತೆಯಲ್ಲಿರುವವರಿಗೆ ವಾದ ಮಾಡುವಷ್ಟು ಕಸುವು ಎಲ್ಲಿರುತ್ತದೆ? ಆ ಮೌನವನ್ನು ಒಪ್ಪಿಗೆ ಅಂದುಕೊಂಡೆ.

ಕೆಲವು ತಿಂಗಳಲ್ಲಿ ಅವಳು ಇನ್ನಷ್ಟು ಕುಗ್ಗಿದಳು. ಆಗ ಓದಲು ಕೂತೆ; ಮೊದಲೇ ಮಾಡಬೇಕಿದ್ದ ಕೆಲಸ. ನಾನು ಕೇಳಿದ್ದ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿತ್ತು. 1973ರಲ್ಲಿ ಬ್ಲಿಸ್ ಮತ್ತು ಲೋಮೊ ಎಂಬ ವಿಜ್ಞಾನಿಗಳು ಮೊಲದ ಮಿದುಳಿನ ನರದಾರಿಯೊಂದನ್ನು ಮತ್ತೆ ಮತ್ತೆ ಕೆಣಕಿದಾಗ, ಕೆಣಕುವುದು ನಿಂತ ಮೇಲೂ ಗಂಟೆಗಟ್ಟಲೆ ಅಲ್ಲಿನ ನರಕೋಶಗಳ ನಡುವಿನ ಕೊಂಡಿ ಗಟ್ಟಿಯಾಗಿಯೇ ಇತ್ತು. ಸಂದೇಶ ಕಳಿಸುವ ಕೋಶ, ಪಡೆಯುವ ಕೋಶ ಎರಡೂ ಒಟ್ಟಿಗೆ ಮಿಡಿದಾಗ ಎನ್‌ಎಂಡಿಎ ಎಂಬ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದು ಹೇಗೆ, ಎಷ್ಟು ನುಗ್ಗಿತು ಎಂಬುದರ ಮೇಲೆ ಕೊಂಡಿ ಬಲವಾಗುತ್ತದೆ ಇಲ್ಲವೇ ಸಡಿಲಾಗುತ್ತದೆ.

ಮನುಷ್ಯರಲ್ಲೂ ಹೀಗೆಯೇ ನಡೆಯುತ್ತಿರಬೇಕು ಎನ್ನುವುದಕ್ಕೆ ಸುಳಿವುಗಳಿವೆ. ಲಂಡನ್ನಿನಲ್ಲಿ ಹುವಾಂಗ್, ರಾಥ್‌ವೆಲ್ ಮತ್ತು ಸಂಗಡಿಗರು 2005ರಲ್ಲಿ, ಕೈ ಆಡಿಸುವ ಮಿದುಳಿನ ಭಾಗಕ್ಕೆ 40 ಸೆಕೆಂಡು ಮಿಡಿತ ಕೊಟ್ಟರು. ಆ ಭಾಗದ ಚುರುಕು ಸುಮಾರು ಒಂದು ಗಂಟೆ ತಗ್ಗಿತು. ಆಮೇಲಿನ ಪ್ರಯೋಗವೊಂದರಲ್ಲಿ, ಎನ್‌ಎಂಡಿಎ ಬಾಗಿಲನ್ನು ತಡೆಯುವ ಮೆಮಾಂಟೀನ್ ಮಾತ್ರೆ ಕೊಟ್ಟಾಗ ಇಂಥ ಪರಿಣಾಮ ಕಾಣಲಿಲ್ಲ. ಅಂದರೆ ಯಂತ್ರ ಕೆಲಸ ಶುರುಮಾಡಿಕೊಡುತ್ತದೆ, ಮುಂದಿನದನ್ನು ಮಿದುಳು ತಾನೇ ಮಾಡಿಕೊಳ್ಳುತ್ತದೆ. ಒಂದು ಸಲದ ಗುರುತು ಬೇಗ ಅಳಿಯುತ್ತದೆ. ಅದಕ್ಕೇ ದಿನದ ಮೇಲೆ ದಿನ, ವಾರಗಟ್ಟಲೆ. ನಾನು ತಡೆದದ್ದು ಇದನ್ನು.

ತಂಗಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದವಳು. ಓದಿದ್ದನ್ನೆಲ್ಲ ಅವಳಿಗೆ ಹೇಳಿ, ತಪ್ಪಾಯಿತು ಅಂದೆ. "ಸರಳೆ ವರಸೆ ಕಲಿಯೋ ಮಗು ಹತ್ರ ಮೊದಲನೇ ವಾರವೇ ಕೀರ್ತನೆ ಹಾಡು ಅಂತೀವಾ ಅಣ್ಣ?" ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅದೇ ಡಾಕ್ಟರ ಬಳಿ ತಲೆ ತಗ್ಗಿಸಿ ಹೋದೆ. ಹಳೆಯ ಮಾತು ಅವರು ಎತ್ತಲಿಲ್ಲ. ಹೆಬ್ಬೆರಳು ಅದುರಲು ಮಿಡಿತದ ಬಲ ಎಷ್ಟು ಬೇಕೆಂದು ಮತ್ತೆ ಅಳೆದು, ಮೊದಲಿನಿಂದ ಶುರುಮಾಡಿದರು. ಎಲ್ಲರಿಗೂ ಇದು ಫಲಿಸುವುದಿಲ್ಲ, ಭರವಸೆ ಕೊಡಲಾರೆ ಎಂದೂ ಹೇಳಿದರು. ಅವಳಿಗೆ ನಿಧಾನವಾಗಿ ಫಲಿಸಿತು: ಮೊದಲು ನಿದ್ದೆ, ಆಮೇಲೆ ಹಸಿವು. ಮಾತ್ರೆ ಈಗಲೂ ಇದೆ. ಸಂಜೆ ಪಾಠ ಮತ್ತೆ ನಡೆಯುತ್ತಿದೆ.

ನಾನು ನಿಲ್ಲಿಸಿದ್ದಕ್ಕೂ ಮತ್ತೆ ಶುರುಮಾಡಿದ್ದಕ್ಕೂ ನಡುವಿನ ಆ ತಿಂಗಳುಗಳನ್ನು ಅವಳು ಹೇಗೆ ಕಳೆದಳೆಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.