ಕುಡುಕ ಗುರು ಮತ್ತು ನಮ್ಮಪ್ಪ

ಮೊನ್ನೆ ಶಾಲಾ ವಾರ್ಷಿಕೋತ್ಸವಕ್ಕೆ ಒಂದು ಕಿರುನಾಟಕ ಕಲಿಸುತ್ತಿದ್ದೆ. ಅದರಲ್ಲೊಂದು ಕುಡುಕನ ಪಾತ್ರ. ಏಳನೇ ತರಗತಿಯ ಹುಡುಗನೊಬ್ಬ ಎದ್ದು ಬಂದವನೇ ತೂರಾಡಿ, ಬೀಳುವ ಹಾಗೆ ಮಾಡಿ ಬೀಳದೆ, ಗೋಡೆಯನ್ನೇ ಮಾತಾಡಿಸಿದ. ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. "ಎಲ್ಲಿ ಕಲಿತ್ಯೋ ಇಷ್ಟು ಚೆನ್ನಾಗಿ?" ಅಂದೆ. "ಮನೇಲಿ ಸಾರ್" ಅಂದ.

ಮಕ್ಕಳು ನಗುತ್ತಲೇ ಇದ್ದರು. ನನ್ನ ನಗು ನಿಂತುಹೋಯಿತು.

ಯಾಕೆಂದರೆ ನಾನೂ ಅಲ್ಲೇ ಕಲಿತವನು. ನಮ್ಮ ಮನೆ ಇದ್ದದ್ದು ವಯನಾಡಿನ ಪೆರಿಕ್ಕಲ್ಲೂರಿನ ಹತ್ತಿರ, ಕಬಿನಿ ಹೊಳೆಯ ಈಚೆ ದಡದಲ್ಲಿ. ಆಚೆ ದಡ ಕರ್ನಾಟಕದ ಬೈರಕುಪ್ಪೆ. ಅಪ್ಪನಿಗೆ ಕಾಳುಮೆಣಸಿನ ತೋಟದಲ್ಲಿ ಕೂಲಿ ಕೆಲಸ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಓದಲಿಕ್ಕೆ ದೋಣಿ ಹತ್ತಿ ಆಚೆಗೆ. ಹೀಗೆ ನನ್ನ ಬಾಲ್ಯ.

1990ರಲ್ಲಿರಬೇಕು, ನನಗೆ ಹತ್ತು ವರ್ಷ. ತೋಟದ ಯಜಮಾನರ ಮನೆಯಲ್ಲಿ ಏನೋ ಸಂಭ್ರಮ. ಪುಲ್ಪಳ್ಳಿಯಿಂದ ಟಿವಿ, ವಿ.ಸಿ.ಪಿ. ಬಾಡಿಗೆಗೆ ತಂದಿದ್ದರು. ಕೆಲಸದವರೆಲ್ಲ ಅಂಗಳದಲ್ಲಿ ಚಾಪೆ ಹಾಸಿ ಕೂತಿದ್ದೆವು. ಎರಡು ಮಲಯಾಳ ಚಿತ್ರ ಮುಗಿದು ಅರ್ಧ ಜನ ಮಲಗಿದ ಮೇಲೆ ಚೇಟ್ಟ ಮೂರನೇ ಕ್ಯಾಸೆಟ್ ಹಾಕಿದರು. 'ಡ್ರಂಕನ್ ಮಾಸ್ಟರ್'. ಮಾತೆಲ್ಲ ಇಂಗ್ಲಿಷಿಗೆ ಡಬ್ ಆಗಿತ್ತು, ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ. ನಮಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಮಲಗಿದವರೂ ಎದ್ದು ಕೂತರು!

ಅದು 1978ರ ಹಾಂಗ್‌ಕಾಂಗ್ ಚಿತ್ರ, ಮೂಲ ಭಾಷೆ ಕ್ಯಾಂಟೊನೀಸ್. ಜಾಕಿ ಚಾನ್‌ದು ವಾಂಗ್ ಫೈ ಹುಂಗ್ ಎಂಬ ಪೋಲಿ ಹುಡುಗನ ಪಾತ್ರ. ಈ ವಾಂಗ್ ನಿಜವಾಗಿ ಇದ್ದವನು. ದಕ್ಷಿಣ ಚೀನಾದ ವೈದ್ಯ, ಕುಂಗ್‌ಫು ಗುರು, ತೀರಿಕೊಂಡದ್ದು 1925ರಲ್ಲಿ. ಅವನನ್ನು ಗಂಭೀರ ಹಿರಿಯನಾಗಿ ತೋರಿಸಿದ ಚಿತ್ರಗಳು ಅದಾಗಲೇ ಡಜನ್ನುಗಟ್ಟಲೆ ಬಂದಿದ್ದವು. ಇದರಲ್ಲಿ ಮಾತ್ರ ಅವನು ಹೇಳಿದ ಮಾತು ಕೇಳದ ತುಂಟ. ಅವನನ್ನು ತಿದ್ದಲು ಬರುವ ಗುರು ಕೆಂಪು ಮೂಗಿನ ಮುದುಕ, ಮಹಾ ಕುಡುಕ. ತೂರಾಡುತ್ತಲೇ ಹೊಡೆಯುವ ವಿದ್ಯೆ ಅವನದು.

ಮರುದಿನದಿಂದ ನನಗೂ ಅದೇ ಆಟ. ಸೋರೆಬುರುಡೆ ಹಿಡಿದು ಅಂಗಳದಲ್ಲಿ ತೂರಾಡಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಬೆನ್ನಿಗೆ ನಾಲ್ಕು ಕೊಟ್ಟಳು. ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದ. ಬಿಡಿಸಲೂ ಇಲ್ಲ, ಬೈಯಲೂ ಇಲ್ಲ. ಎದ್ದು ತೋಟಕ್ಕೆ ಹೋದ.

ಆ ಚಿತ್ರದಲ್ಲಿ ಹೆಂಡ ಸಿಗದಿದ್ದರೆ ಗುರುವಿನ ಕೈ ನಡುಗುತ್ತದೆ. ಅದಕ್ಕೂ ನಾವು ನಕ್ಕಿದ್ದೆವು. ಬೆಳಿಗ್ಗೆ ಅಪ್ಪನ ಕೈಯಲ್ಲಿ ಚಾ ಲೋಟವೂ ಹಾಗೇ ನಡುಗುತ್ತಿತ್ತು. ನಾನು ನೋಡದವನಂತೆ ಪುಸ್ತಕದ ಚೀಲ ಹೆಗಲಿಗೇರಿಸಿ ದೋಣಿಗೆ ಓಡುತ್ತಿದ್ದೆ.

1996ರ ಏಪ್ರಿಲ್ 1ರಿಂದ ಕೇರಳದಲ್ಲಿ ಸಾರಾಯಿ ನಿಷೇಧವಾಯಿತು. ಅವ್ವ ದೇವರಿಗೆ ದೀಪ ಹಚ್ಚಿದಳು. ಆದರೆ ಹೊಳೆಯಾಚೆ ಕರ್ನಾಟಕದಲ್ಲಿ ನಿಷೇಧ ಇರಲಿಲ್ಲವಲ್ಲ! ಬೆಳಿಗ್ಗೆ ನಾನು ಓದಲು ದಾಟುತ್ತಿದ್ದ ಹೊಳೆಯನ್ನು ಸಂಜೆ ಅಪ್ಪ ಕುಡಿಯಲು ದಾಟತೊಡಗಿದ. ಎಷ್ಟೋ ದಿನ ನಾನು ಇಳಿದ ದೋಣಿಗೇ ಅವನು ಹತ್ತುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಅಪ್ಪ 2003ರಲ್ಲೇ ಹೋಗಿಬಿಟ್ಟಿದ್ದ.

ಟಿ.ಸಿ.ಎಚ್. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಪೇಟೆಯಲ್ಲಿ ಆ ಚಿತ್ರದ ಸಿ.ಡಿ. ಸಿಕ್ಕಿತು. ಆಮೇಲೆ ಓದಿ ತಿಳಿದದ್ದು: ಕುಡುಕ ಗುರುವಾಗಿ ನಟಿಸಿದವರು ನಿರ್ದೇಶಕ ಯುಯೆನ್ ವೂ ಪಿಂಗ್ ಅವರ ಸ್ವಂತ ತಂದೆ. ಮಗ ಅಪ್ಪನನ್ನು ಕುಡುಕನನ್ನಾಗಿ ತೋರಿಸಿದ, ಊರೆಲ್ಲ ನಕ್ಕಿತು, ಅಪ್ಪನಿಗೆ ಇಳಿವಯಸ್ಸಿನಲ್ಲಿ ದೊಡ್ಡ ಹೆಸರು ಬಂತು. ಮರುವರ್ಷವೇ ಅವರು ತೀರಿಕೊಂಡರು. ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀರಾ? ಇನ್ನೊಂದು ವಿಷಯ. ತೂರಾಡುತ್ತಾ ಹೊಡೆದಾಡುವವನಿಗೆ ಎಲ್ಲರಿಗಿಂತ ಹೆಚ್ಚು ಹಿಡಿತ ಬೇಕು. ಕುಡಿದವನಿಗೆ ಅದು ಸಾಧ್ಯವಿಲ್ಲ.

ಆ ಗುರು ಎಂಟು ದೇವತೆಗಳ ಹೆಸರಿನ ಎಂಟು ವರಸೆ ಕಲಿಸುತ್ತಾನೆ. ಎಂಟನೆಯದು ಹೆಣ್ಣುದೇವತೆಯದು. ಹೆಂಗಸರ ವಯ್ಯಾರ ನನಗ್ಯಾಕೆ ಅಂತ ಶಿಷ್ಯ ಕಲಿಯುವುದೇ ಇಲ್ಲ. ಕೊನೆಯ ಕಾಳಗದಲ್ಲಿ ಬೇಕಾಗುವುದು ಅದೇ! ಆಗ ನಿಂತ ನಿಲುವಿನಲ್ಲೇ ತನ್ನದೇ ಒಂದು ವರಸೆ ಕಟ್ಟಿ ಗೆಲ್ಲುತ್ತಾನೆ. ಬಿಟ್ಟ ಪಾಠ ಹೀಗೆ ಎದುರು ಬಂದು ನಿಲ್ಲುತ್ತದೆ ಅಂತ ನನ್ನ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ನಾನು ಬಿಟ್ಟ ಪಾಠದ ಬಗ್ಗೆ ಮಾತ್ರ ಹೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಊಟ ಆದ ಮೇಲೆ ಆ ಹುಡುಗನನ್ನು ಜಗಲಿಗೆ ಕರೆದು ಕೂರಿಸಿಕೊಂಡೆ. ಏನು ಹೇಳಬೇಕೆಂದು ಬಿ.ಎ.ಯಲ್ಲೂ ಕಲಿಸಿರಲಿಲ್ಲ, ಟಿ.ಸಿ.ಎಚ್.ನಲ್ಲೂ ಕಲಿಸಿರಲಿಲ್ಲ. "ನಮ್ಮಪ್ಪನೂ ಕುಡೀತಿದ್ದ ಕಣೋ" ಅಂದೆ. ಅವನು ಬಹಳ ಹೊತ್ತು ನೆಲ ನೋಡುತ್ತಿದ್ದ. ಆಮೇಲೆ, "ಬೆಳಿಗ್ಗೆ ಅವರ ಕೈ ನಡುಗ್ತಿತ್ತಾ ಸಾರ್?" ಅಂದ.

ಹೌದು ಅಂದೆ. ಗಂಟೆ ಹೊಡೆದರೂ ಇಬ್ಬರೂ ಅಲ್ಲೇ ಕೂತಿದ್ದೆವು.