ದಾಲ್ ಸರೋವರದಲ್ಲಿ ಐದು ರಾತ್ರಿ

ಕಾಶ್ಮೀರಕ್ಕೆ ಹೋಗಿಬಂದವರೆಲ್ಲರೂ ದಾಲ್ ಸರೋವರದ ಸೊಬಗನ್ನು ಬಣ್ಣಿಸಿದ್ದಾರೆ. ಜಬರವಾನ್ ಬೆಟ್ಟಗಳ ನೆರಳು ನೀರಿನಲ್ಲಿ ತಲೆಕೆಳಗಾಗಿ ತೂಗುವುದನ್ನು ನಾನೂ ಕಂಡು ಬೆರಗಾದೆ. ಆದರೆ ಅದನ್ನೇ ಮತ್ತೊಮ್ಮೆ ಬರೆದು ವಾಚಕರ ತಾಳ್ಮೆಯನ್ನು ಪರೀಕ್ಷಿಸಲಾರೆ. ನಾನು ಹೇಳಹೊರಟಿರುವುದು ಅಲ್ಲಿ ನಮ್ಮನ್ನು ಇರಿಸಿಕೊಂಡವರ ವಿಷಯ.

ನಾವು ಮೊದಲು ಹೊರಡಬೇಕಾಗಿದ್ದುದು 2025ರ ಮೇ ತಿಂಗಳಲ್ಲಿ. ಏಪ್ರಿಲ್ 22ರಂದು ಪಹಲ್ಗಾಮಿನ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ 26 ಮಂದಿಯ ಹತ್ಯೆಯಾಯಿತು. ಅವರಲ್ಲಿ ನಮ್ಮ ನಾಡಿನವರೂ ಇದ್ದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮರುದಿನವೇ ಶ್ರೀನಗರಕ್ಕೆ ದೂರವಾಣಿ ಮಾಡಿ, ಬರಲಾಗುವುದಿಲ್ಲವೆಂದು ತಿಳಿಸಿದೆ. ದೋಣಿಮನೆಯ ಯಜಮಾನರು, "ಸರಿ ಸಾಹೇಬ್, ನಿಮ್ಮ ಕ್ಷೇಮ ಮುಖ್ಯ" ಎಂದಷ್ಟೇ ಹೇಳಿದರು. ಮುಂಗಡ ಹಣದ ಮಾತನ್ನು ನಾನು ಎತ್ತಲಿಲ್ಲ, ಹೋದರೆ ಹೋಯಿತೆಂದುಕೊಂಡಿದ್ದೆ. ಮೂರನೆಯ ದಿನ ಹಣ ಪೂರ್ತಿಯಾಗಿ ಹಿಂದಿರುಗಿ ಬಂದಿತ್ತು. ಆ ವಾರ ಅವರಿಗೆ ನನ್ನದರಂಥ ಎಷ್ಟು ಕರೆಗಳು ಬಂದಿರಬಹುದೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

"ಕೇಳದೆ ಹಣ ಹಿಂದಿರುಗಿಸಿದವರ ಮನೆಗೆ ಒಮ್ಮೆ ಹೋಗಿಬರಬೇಕಪ್ಪ" ಎಂದು ತಾಯಿಯವರು ಹಟ ಹಿಡಿದರು. ಅವರಿಗೆ 74 ವರ್ಷ. ದೀಪಾವಳಿ ಕಳೆದ ಮೇಲೆ ಅವರನ್ನೂ ನನ್ನಾಕೆಯನ್ನೂ ಮಗಳನ್ನೂ ಕರೆದುಕೊಂಡು ಹೊರಟೆ.

ನಾವು ತಲಪಿದಾಗ ಚಿನಾರ್ ಎಲೆಗಳು ಕೆಂಪಡರುತ್ತಿದ್ದವು. ದಡದಿಂದ ಶಿಕಾರಾ ಏರಿ ಹತ್ತು ನಿಮಿಷ ಸಾಗಿದರೆ ನಮ್ಮ ಬಿಡಾರ. ದೋಣಿಮನೆಯೆಂದರೆ ತೇಲಾಡುತ್ತ ಊರೂರು ಸುತ್ತುವ ದೋಣಿಯೆಂದು ಮಗಳು ತಿಳಿದಿದ್ದಳು. ಅದು ಕಟ್ಟಿದ ಜಾಗದಿಂದ ಕದಲುವುದಿಲ್ಲವೆಂದು ಕಂಡು ಅವಳಿಗೆ ನಿರಾಶೆಯಾಯಿತು. ಒಳಗೆ ಕಾಲಿಟ್ಟೊಡನೆ ಆ ನಿರಾಶೆ ಹಾರಿಹೋಯಿತೆನ್ನಿ. ಮುಂದೆ ಕೆತ್ತನೆಯ ಜಗಲಿ, ಅದರ ಹಿಂದೆ ಹಜಾರ, ಊಟದ ಕೋಣೆ, ಉದ್ದನೆಯ ಓಣಿಯ ಪಕ್ಕದಲ್ಲಿ ಮಲಗುವ ಕೋಣೆಗಳು. ತಳವೆಲ್ಲ ನೀರಿಗೆ ಬೇಗ ಜಗ್ಗದ ದೇವದಾರು. ಮೇಜುಕುರ್ಚಿಗಳು ಆಕ್ರೋಟದ ಮರದವು. ಮೇಲ್ಛಾವಣಿಯನ್ನಂತೂ ಮಲಗಿಕೊಂಡೇ ನೋಡಬೇಕು. ಮರದ ಚಿಕ್ಕ ಚಿಕ್ಕ ತುಂಡುಗಳನ್ನು ಮೊಳೆಯಿಲ್ಲದೆ ಒಂದರೊಳಗೊಂದು ಕೂಡಿಸಿ ನಕ್ಷತ್ರಗಳ ಬಳ್ಳಿಯಂತೆ ಹರಡಿದ್ದಾರೆ. ಖತಂಬಂದ್ ಎಂದು ಅದರ ಹೆಸರು.

ಇಂಥ ಮನೆಗಳು ನೀರಿನ ಮೇಲೇಕೆ ಹುಟ್ಟಿದವು? ಡೋಗ್ರಾ ಅರಸರ ಕಾಲದಲ್ಲಿ ಹೊರಗಿನವರು ಕಾಶ್ಮೀರದಲ್ಲಿ ಭೂಮಿ ಕೊಳ್ಳುವಂತಿರಲಿಲ್ಲ. ಬೇಸಗೆಯ ತಂಪಿಗೆ ಬಂದ ಇಂಗ್ಲಿಷರು ನೆಲ ಸಿಗದಿದ್ದರೇನಾಯಿತೆಂದು ನೀರಿನ ಮೇಲೆಯೇ ಬಂಗಲೆ ಕಟ್ಟಿಸಿದರು. ತಲೆತಲಾಂತರದಿಂದ ಡೂಂಗಾ ಎಂಬ ದೋಣಿಗಳಲ್ಲಿ ಬಾಳಿದ ಹಾಂಜಿ ಜನರಿಗೆ ನೀರಿನ ಸಂಸಾರ ಹೊಸದಲ್ಲ. ಇಂಗ್ಲಿಷರು ಹೋದರು; ಬಂಗಲೆಗಳೂ ಅತಿಥಿಸೇವೆಯೂ ಇವರ ಪಾಲಿಗೆ ಉಳಿದವು.

ಮೊದಲ ರಾತ್ರಿಯೇ ಊಟದ ಪ್ರಶ್ನೆ ಎದ್ದಿತು. ನಾವು ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದ್ದೆವು. ಆದರೂ ಅಡಿಗೆಯ ಪಾತ್ರೆಗಳನ್ನು ಕಣ್ಣಾರೆ ಕಾಣದೆ ತಾಯಿಯವರು ಅನ್ನ ಮುಟ್ಟುವವರಲ್ಲ. ಸಂಕೋಚದಿಂದ ಕೇಳಿದೆ. ಯಜಮಾನರು ನಗುತ್ತ, "ಬನ್ನಿ ಮಾತಾಜಿ" ಎಂದು ಕೈಹಿಡಿದು, ಹಲಗೆಯ ಮೇಲಿಂದ ಹಿಂದಿನ ದೋಣಿಗೆ ದಾಟಿಸಿದರು. ನಮಗಾಗಿ ಹೊಸ ಪಾತ್ರೆಗಳನ್ನು ತಂದು ಬೇರೆಯಾಗಿ ಇಟ್ಟಿದ್ದರು. ಒಲೆಯ ಮೇಲೆ ತಾವರೆದಂಟಿನ ಪಲ್ಯ ಬೇಯುತ್ತಿತ್ತು. ಪಕ್ಕದಲ್ಲಿ ಹಾಕ್ ಎಂಬ ಸೊಪ್ಪಿನ ಸಾರು.

ತಾಯಿಯವರ ಕಣ್ಣು ಪಾತ್ರೆಗಳ ಮೇಲೆ ನಿಲ್ಲಲಿಲ್ಲ. ಆ ತಗ್ಗು ಸೂರಿನ ದೋಣಿಯಲ್ಲಿ ಏಳು ಮಂದಿಯ ಸಂಸಾರವಿತ್ತು. ಸುರುಳಿ ಸುತ್ತಿಟ್ಟ ಹಾಸಿಗೆ, ಮೂಲೆಯಲ್ಲಿ ಮಕ್ಕಳ ಪುಸ್ತಕ, ಫೆರನ್ನಿನೊಳಗೆ ಕಾಂಗ್ರಿಯ ಕೆಂಡವನ್ನಿಟ್ಟುಕೊಂಡು ಕುಳಿತ ಮುದುಕಿ. "ಅತಿಥಿಗಳಿಲ್ಲದಾಗ ಆ ದೊಡ್ಡ ಮನೆಯಲ್ಲಿ ಮಲಗುತ್ತೀರೇನಮ್ಮ?" ಎಂದು ತಾಯಿಯವರು ಕೇಳಿದರು. ನಾನು ಹಿಂದಿಯಲ್ಲಿ ತಿಳಿಸಿದೆ. ಯಜಮಾನರ ಮಡದಿ ತಲೆಯಾಡಿಸಿದರು. ಅದು ಬಂದವರ ಮನೆ. 2014ರ ಸೆಪ್ಟೆಂಬರಿನಲ್ಲಿ ಝೇಲಂ ಉಕ್ಕಿ ಶ್ರೀನಗರ ಮುಳುಗಿದಾಗ ನೆಲದ ಮನೆಗಳನ್ನು ಕಳೆದುಕೊಂಡ ನೆಂಟರಿಷ್ಟರು ಅಲ್ಲಿ ಮಲಗಿದ್ದರಂತೆ. ಬಾಡಿಗೆಯಿಲ್ಲದೆ ಆ ಹಾಸಿಗೆಗಳು ಹಾಸಲ್ಪಟ್ಟದ್ದು ಅದೊಂದೇ ಸಲ.

ಆ ರಾತ್ರಿ ತಾಯಿಯವರು ಎರಡು ಸಲ ಅನ್ನ ಬಡಿಸಿಕೊಂಡರು.

ನಾಲ್ಕನೆಯ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನೆಲದಡಿಯಲ್ಲಿ ಏನೋ ಗುರುಗುಟ್ಟಿದಂತಾಗಿ ಹೊರಬಂದೆ. ಯಜಮಾನರೂ ಅವರ ಮಗನೂ ತಳದೊಳಗೆ ಜಿನುಗಿದ ನೀರನ್ನು ಪಂಪಿನಿಂದ ಹೊರಹಾಕುತ್ತಿದ್ದರು. ಅತಿಥಿಗಳಿಗೆ ತಿಳಿಯದಂತೆ ರಾತ್ರಿಯೇ ಮಾಡುವ ಕೆಲಸವಂತೆ. ಹಲಗೆಗೆ ವಯಸ್ಸಾಗಿದೆ. ಹಿಮ ಬಿದ್ದರೆ ನಡುರಾತ್ರಿಯಲ್ಲೆದ್ದು ಸೂರಿನ ಮೇಲಿನದನ್ನು ತಳ್ಳಬೇಕು, ಇಲ್ಲವಾದರೆ ಭಾರಕ್ಕೆ ಮನೆಯೇ ಮುಳುಗೀತು. ಬೆಂಕಿಯ ಭಯ ಬೇರೆ: 2023ರ ನವೆಂಬರಿನಲ್ಲಿ ಇದೇ ಸರೋವರದಲ್ಲಿ ದೋಣಿಮನೆಗಳು ಉರಿದು, ಬಾಂಗ್ಲಾದೇಶದಿಂದ ಬಂದಿದ್ದ ಮೂವರು ಪ್ರವಾಸಿಗಳು ಸತ್ತರು. ಹೊಸ ದೋಣಿಮನೆ ಕಟ್ಟಲು ದಶಕಗಳಿಂದ ಅನುಮತಿಯಿಲ್ಲ. ಸರೋವರ ಕೆಡುತ್ತದೆಂಬ ಕಾರಣಕ್ಕೆ ಬಹುಕಾಲ ದುರಸ್ತಿಗೂ ಅಡ್ಡಿಯಿತ್ತು. ಕಾರಣ ಸುಳ್ಳೆಂದು ನಾನು ಹೇಳಲಾರೆ. ನಮ್ಮಂಥವರ ಸ್ನಾನದ ನೀರು ಎಲ್ಲಿಗೆ ಹೋಗುತ್ತದೆಂದು ನಾವಾದರೂ ಎಂದು ವಿಚಾರಿಸಿದ್ದೇವೆ? ಆದರೆ ನಗರದ ಚರಂಡಿಗಳ ಪಾಲನ್ನು ಮರೆತು ದೋಣಿಯವರನ್ನು ಮಾತ್ರ ದೂರುವುದು ನ್ಯಾಯವಲ್ಲ.

"ಇವನು ಮುಂದುವರಿಸುತ್ತಾನೆಯೆ?" ಎಂದು ಮಗನತ್ತ ನೋಡಿ ಕೇಳಿದೆ.

"ಮನೆ ಉಳಿದರೆ" ಎಂದರು ಯಜಮಾನರು. ಮಗ ಮಾತಾಡದೆ ಕೊಳವೆಯನ್ನು ಸುತ್ತುತ್ತಿದ್ದ.

ಹೊರಡುವ ಬೆಳಿಗ್ಗೆ ಕಹ್ವಾ ಕುಡಿಯುತ್ತಿರುವಾಗ, ಚರ್ಮದ ರಟ್ಟಿನ ಹಳೆಯ ಪುಸ್ತಕವೊಂದನ್ನು ತಂದು ನಮ್ಮೆದುರಿಗಿಟ್ಟರು. ಬಂದುಹೋದವರ ಬರಹಗಳು: ಇಂಗ್ಲಿಷ್, ಬಂಗಾಳಿ, ಗುಜರಾತಿ, ಜಪಾನಿ. ನಾನು ಹಾಳೆ ತಿರುವುತ್ತ ತಾರೀಖುಗಳನ್ನು ನೋಡುತ್ತಿದ್ದೆ. 1989ರ ಆಗಸ್ಟಿನಲ್ಲಿ ದಂಪತಿಗಳೊಬ್ಬರು ಮುಂದಿನ ವರ್ಷ ಮತ್ತೆ ಬರುವೆವೆಂದು ಬರೆದಿದ್ದರು. ಅದರ ಕೆಳಗಿನ ಬರಹಕ್ಕೂ ಅದಕ್ಕೂ ನಡುವೆ ಒಂಬತ್ತು ವರ್ಷಗಳು. 2019ರ ಆಗಸ್ಟಿನ ಆರಂಭದಲ್ಲಿ, ಪ್ರವಾಸಿಗಳೆಲ್ಲ ಕಣಿವೆ ಬಿಟ್ಟು ಹೊರಡಬೇಕೆಂದು ಸರ್ಕಾರ ಸೂಚಿಸಿದ ದಿನ, ಯಾರೋ ಅವಸರದಲ್ಲಿ ಗೀಚಿದ ಎರಡು ಸಾಲು. 2025ರ ಏಪ್ರಿಲ್ 23ಕ್ಕೆ ಒಂದು ಬರಹ. ಅನಂತರ ಜುಲೈ. ನಾವು ಬರಬೇಕಾಗಿದ್ದ ಮೇ ತಿಂಗಳು ಆ ಪುಟದಲ್ಲಿ ಇರಲೇ ಇಲ್ಲ.

ಲೇಖನಿಯನ್ನು ನನ್ನ ಕೈಯಿಂದ ತಾಯಿಯವರು ತೆಗೆದುಕೊಂಡರು. ಕನ್ನಡದಲ್ಲಿ, ಗುಂಡನೆಯ ತಮ್ಮ ಅಕ್ಷರಗಳಲ್ಲಿ, ಚಟ್ನಿಪುಡಿಯ ಡಬ್ಬಿಯನ್ನು ಅಡಿಗೆಯ ದೋಣಿಯಲ್ಲಿ ಬಿಟ್ಟಿರುವೆನೆಂದೂ, ಬಿಸಿ ಅನ್ನಕ್ಕೆ ತುಪ್ಪದೊಡನೆ ಕಲಸಿಕೊಳ್ಳಬೇಕೆಂದೂ, ಮಕ್ಕಳಿಗೆ ಖಾರವಾದೀತೆಂದೂ ಬರೆದು ರುಜು ಹಾಕಿದರು. ನಾನು ಅರ್ಥ ಹೇಳಿದೆ. ಯಜಮಾನರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಆ ಸಾಲುಗಳ ಮೇಲೆ ಬೆರಳಿಟ್ಟು, ಯಾವ ಕಡೆಯಿಂದ ಓದಬೇಕೆಂದು ಕೇಳಿದರು.

ಎಡಗಡೆಯಿಂದ ಎಂದೆ. ಕೆಳಗೆ ಶಿಕಾರಾದವನು ಕೂಗುತ್ತಿದ್ದ.